ಬೆಳಗ್ಗಿನ ವಾಕರಿಕೆ: ಎಲ್ಲವೂ ಪಿತ್ತವಲ್ಲ

ಬೆಳಗ್ಗೆ ಹಲ್ಲುಜ್ಜುವಾಗಲೇ ಹೊಟ್ಟೆ ತೊಳಸಿ ವಾಕರಿಕೆ ಬಂದರೆ ನಮ್ಮ ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ಕಡೆ ಕೇಳಿಬರುವುದು ಎರಡೇ ಮಾತು. ಮದುವೆಯಾದವಳಾದರೆ "ಏನು, ವಿಶೇಷ ಉಂಟಾ?" ಉಳಿದವರಿಗೆಲ್ಲ "ಅದು ಪಿತ್ತ, ಕಷಾಯ ಕುಡಿ." ಮದುವೆಯಾಗದ ಹುಡುಗಿಯಂತೂ ಜನ ಏನು ಹೇಳುತ್ತಾರೋ ಎಂದು ಹೆದರಿ ಬಾಯಿಯೇ ಬಿಡುವುದಿಲ್ಲ. ಹೀಗೆ ನಿಜವಾದ ಕಾರಣ ತಿಂಗಳುಗಟ್ಟಲೆ ಗೊತ್ತಾಗದೆ ಉಳಿಯುತ್ತದೆ. ಸಹೋದರಿಯರೇ, ವಾಕರಿಕೆ ಒಂದು ಸೂಚನೆ ಮಾತ್ರ. ಕಾರಣ ತಿಳಿದು ಅದಕ್ಕೆ ತಕ್ಕ ಚಿಕಿತ್ಸೆ ಮಾಡಬೇಕು.

ಹೊಟ್ಟೆಯ ಹುಳಿ: ರಾತ್ರಿ ಹತ್ತರ ತನಕ ಬೀಡಿ ಕಟ್ಟಿ, ತಡವಾಗಿ ಉಂಡು ಕೂಡಲೇ ಮಲಗಿದರೆ ಹೊಟ್ಟೆಯ ಆಮ್ಲ ಮೇಲಕ್ಕೆ ಬರುತ್ತದೆ. ಬೆಳಗ್ಗೆ ಖಾಲಿ ಹೊಟ್ಟೆಗೆ ಚಾ ಕುಡಿದರೆ ಇನ್ನಷ್ಟು ತೊಂದರೆ. ಸೊಂಟನೋವಿಗೆಂದು ಅಂಗಡಿಯಿಂದ ತಂದು ನುಂಗುವ ನೋವಿನ ಮಾತ್ರೆಯೂ ಹೊಟ್ಟೆಯ ಒಳಪದರವನ್ನು ಕೆಡಿಸುತ್ತದೆ.

ಹೊಗೆಸೊಪ್ಪು: ಹೊಗೆಸೊಪ್ಪಿನ ಪುಡಿಯಲ್ಲಿರುವ ನಿಕೋಟಿನ್ ಉಸಿರಿನಿಂದಲೂ, ಬೆವರಿದ ಕೈಯ ಚರ್ಮದಿಂದಲೂ ದೇಹಕ್ಕೆ ಸೇರುತ್ತದೆ. ಬೀಡಿ ಸೇದದೆ, ಬರೇ ಕಟ್ಟುವವರ ಮೂತ್ರದಲ್ಲೂ ಅದರ ಅಂಶ ಕಂಡುಬಂದಿದೆ. ವಾಕರಿಕೆ, ತಲೆನೋವು, ತಲೆಸುತ್ತು ಇದರ ಲಕ್ಷಣ. ಬೀಡಿ ಕಟ್ಟದ ದಿನ ಇವು ಕಡಿಮೆಯಾಗುತ್ತವೆಯೇ ಎಂದು ಗಮನಿಸಿ.

ಗರ್ಭಧಾರಣೆ: ಮುಟ್ಟು ತಪ್ಪಿದ್ದರೆ ಮೊದಲು ಮೂತ್ರ ಪರೀಕ್ಷೆ ಮಾಡಿಸಿ. ಆರನೇ ವಾರದ ಹೊತ್ತಿಗೆ ಶುರುವಾಗುವ ವಾಕರಿಕೆ ಸಾಮಾನ್ಯವಾಗಿ ನಾಲ್ಕು ತಿಂಗಳೊಳಗೆ ಇಳಿಯುತ್ತದೆ. ಮಾಸಿನಿಂದ ತಾಯಿಯ ರಕ್ತಕ್ಕೆ ಸೇರುವ ಜಿಡಿಎಫ್15 ಎಂಬ ಹಾರ್ಮೋನು ಇದಕ್ಕೆ ಮುಖ್ಯ ಕಾರಣವೆಂದು 2023ರ ಸಂಶೋಧನೆ ತೋರಿಸಿತು. ಆದ್ದರಿಂದ "ಕೆಲಸ ತಪ್ಪಿಸಲು ನಾಟಕ" ಎಂದು ಸೊಸೆಯನ್ನು ಯಾರೂ ಹಂಗಿಸಬಾರದು.

ಇನ್ನಿತರ: ಅರೆತಲೆನೋವು, ಕಾಮಾಲೆ, ಕಿಡ್ನಿ ತೊಂದರೆ, ಕೆಲವು ಸಕ್ಕರೆ ಕಾಯಿಲೆಯ ಮಾತ್ರೆಗಳು, ಗಂಡಸರಲ್ಲಿ ರಾತ್ರಿಯ ಕುಡಿತ.

ಮನೆಯಲ್ಲಿ ಏನು ಮಾಡಬಹುದು?

ಮಲಗುವ ಎರಡು ಮೂರು ಗಂಟೆ ಮೊದಲೇ ಊಟ ಮುಗಿಸಿ. ಬೆಳಗ್ಗೆ ಚಾಕ್ಕಿಂತ ಮೊದಲು ಒಂದೆರಡು ಬಿಸ್ಕತ್ತು ಅಥವಾ ಸ್ವಲ್ಪ ಕುಚ್ಚಲಕ್ಕಿ ಗಂಜಿ ತೆಗೆದುಕೊಳ್ಳಿ. ಒಮ್ಮೆಲೇ ಹೊಟ್ಟೆ ತುಂಬ ಉಣ್ಣುವ ಬದಲು ಸ್ವಲ್ಪ ಸ್ವಲ್ಪ, ಹಲವು ಸಲ ತಿನ್ನಿ. ಶುಂಠಿ ಕೆಲವರಿಗೆ ಹಿತ. ಬೀಡಿಯ ತಡ್ಪೆಯನ್ನು ಗಾಳಿಯಾಡುವಲ್ಲಿ ಇಟ್ಟುಕೊಳ್ಳಿ. ಮಲಗುವ, ಅಡುಗೆ ಮಾಡುವ ಕೋಣೆಯಲ್ಲಿ ಹೊಗೆಸೊಪ್ಪು ಬೇಡ. ಉಣ್ಣುವ ಮೊದಲು, ಮಗುವನ್ನು ಎತ್ತುವ ಮೊದಲು ಸಾಬೂನು ಹಾಕಿ ಕೈ ತೊಳೆಯಿರಿ. ಗರ್ಭಿಣಿಯರು ಸಾಧ್ಯವಾದಷ್ಟು ಈ ಕೆಲಸದಿಂದ ದೂರ ಇರುವುದು ಒಳ್ಳೆಯದು. ಕಬ್ಬಿಣಾಂಶದ ಮಾತ್ರೆಯಿಂದ ವಾಕರಿಕೆ ಬಂದರೆ ಬಿಟ್ಟುಬಿಡಬೇಡಿ. ಆಶಾ ಕಾರ್ಯಕರ್ತೆಯನ್ನು ಕೇಳಿ ರಾತ್ರಿ ಊಟದ ನಂತರ ತೆಗೆದುಕೊಳ್ಳಿ.

ಗರ್ಭಿಣಿಯರು ಯಾವ ಮಾತ್ರೆಯನ್ನೂ ಸ್ವಂತಕ್ಕೆ ನುಂಗಬಾರದು. 1957ರಲ್ಲಿ ಜರ್ಮನಿಯಲ್ಲಿ ಮಾರಾಟಕ್ಕೆ ಬಂದ ಥಾಲಿಡೊಮೈಡನ್ನು ವಾಕರಿಕೆಗೆಂದು ಅನೇಕ ಗರ್ಭಿಣಿಯರು ನುಂಗಿದರು. 1961ರ ಕೊನೆಯಲ್ಲಿ ಅದನ್ನು ಹಿಂತೆಗೆಯುವಷ್ಟರಲ್ಲಿ ಹಲವು ದೇಶಗಳಲ್ಲಿ ಸಾವಿರಾರು ಮಕ್ಕಳು ಕೈಕಾಲು ಸರಿಯಾಗಿ ಬೆಳೆಯದೆ ಹುಟ್ಟಿದ್ದರು. ಆದರೆ ಈಗ ವೈದ್ಯರು ನೋಡಿ ಕೊಡುವ ಸುರಕ್ಷಿತ ಮಾತ್ರೆಗಳಿವೆ. ಅವನ್ನು ತೆಗೆದುಕೊಳ್ಳಲು ಹೆದರಬೇಡಿ.

ತಡ ಮಾಡಬೇಡಿ!

ಕುಡಿದ ನೀರೂ ನಿಲ್ಲದಿದ್ದರೆ, ಮೂತ್ರ ಕಡಿಮೆಯಾದರೆ, ವಾಂತಿಯಲ್ಲಿ ರಕ್ತ ಅಥವಾ ಕಾಫಿಪುಡಿ ಬಣ್ಣ ಕಂಡರೆ, ಮಲ ಕಪ್ಪಾದರೆ, ಕಣ್ಣು ಹಳದಿಯಾದರೆ, ಬೆಳಗ್ಗಿನ ತಲೆನೋವಿನ ಜೊತೆ ದೃಷ್ಟಿ ಮಂಜಾದರೆ ಅದೇ ದಿನ ಆಸ್ಪತ್ರೆಗೆ ಹೋಗಿ. ತೂಕ ಇಳಿಯುತ್ತಿದ್ದರೆ, ಅಥವಾ ಎರಡು ವಾರವಾದರೂ ವಾಕರಿಕೆ ನಿಲ್ಲದಿದ್ದರೆ ವೈದ್ಯರಿಗೆ ತೋರಿಸಿ. 2016ರಿಂದ ಪ್ರತಿ ತಿಂಗಳ 9ರಂದು ಸರಕಾರಿ ಆಸ್ಪತ್ರೆಗಳಲ್ಲಿ ನಾಲ್ಕು ತಿಂಗಳು ಮತ್ತು ಮೇಲ್ಪಟ್ಟ ಗರ್ಭಿಣಿಯರಿಗೆ ಉಚಿತ ತಪಾಸಣೆ ಇದೆ.

ಮನೆಯ ಹಿರಿಯರೇ, ಸಂಘದ ಸದಸ್ಯೆಯರೇ, ನೆರೆಮನೆಯ ಹುಡುಗಿ ವಾಕರಿಸುವುದು ಕಂಡರೆ "ವಿಶೇಷ ಉಂಟಾ?" ಎಂದು ಕೇಳಿ ನಾಚಿಸಬೇಡಿ. "ಎಷ್ಟು ದಿನದಿಂದ? ಬಾ, ಡಾಕ್ಟರಿಗೆ ತೋರಿಸುವ" ಎಂದು ಹೇಳಿ, ಜೊತೆಗೆ ಹೋಗಿ.