ಮೊದಲೇ ಹೇಳಿ ಬಂದ ಸೂಪರ್‌ನೋವಾ

ಜೇಮ್ಸ್ ವೆಬ್ ದೂರದರ್ಶಕದ ಮೊದಲ ಬಣ್ಣದ ಚಿತ್ರ 2022ರ ಜುಲೈನಲ್ಲಿ ಹೊರಬಿದ್ದಾಗಿನಿಂದ ಓದುಗರು ಮತ್ತೆ ಮತ್ತೆ ಕೇಳುವ ಪ್ರಶ್ನೆಯೊಂದಿದೆ: ಚಿತ್ರದ ನಡುಭಾಗವನ್ನು ಸುತ್ತುವರಿದಂತೆ ಬಾಗಿರುವ ಆ ಗೆರೆಗಳೇನು? ಕ್ಯಾಮೆರಾದ ದೋಷವೇ? ದೋಷವಲ್ಲ, ಅವೂ ಗೆಲಾಕ್ಸಿಗಳೇ. ನಡುವೆ ಕಾಣುವ ಗೆಲಾಕ್ಸಿ ಗುಚ್ಛಕ್ಕಿಂತ ಎಷ್ಟೋ ಹಿಂದೆ ಇರುವಂಥವು. ಅವುಗಳ ಬೆಳಕು ಗುಚ್ಛದ ಪಕ್ಕದಲ್ಲಿ ಹಾಯುವಾಗ ಅದರ ಗುರುತ್ವಕ್ಕೆ ಸಿಕ್ಕಿ ಬಾಗುತ್ತದೆ. ಬಿಂಬ ಹಿಗ್ಗುತ್ತದೆ, ಕೆಲವೊಮ್ಮೆ ಒಂದು ಎರಡು ಮೂರಾಗಿ ಕಾಣುತ್ತದೆ. ಇದೇ ಗುರುತ್ವ ಮಸೂರ.

ಚಿತ್ರ ಸುಂದರವಾಗಿದೆ, ನಿಜ. ಆದರೆ ಗುರುತ್ವ ಮಸೂರದ ಶಕ್ತಿ ಏನೆಂದು ಯಾರಾದರೂ ಕೇಳಿದರೆ ನಾನು ತೋರಿಸುವುದು 2015ರ ಡಿಸೆಂಬರ್ 11ರಂದು ಹಬಲ್ ದೂರದರ್ಶಕ ತೆಗೆದ, ಅಷ್ಟೇನೂ ಹೆಸರು ಮಾಡದ ಒಂದು ಚಿತ್ರವನ್ನು. ಅದರಲ್ಲಿರುವುದು ಒಂದು ಮಸುಕು ಚುಕ್ಕೆ, ಅಷ್ಟೆ. ಆ ಚುಕ್ಕೆ ಅಲ್ಲಿ ಮೂಡಲಿದೆ ಎಂದು ವಿಜ್ಞಾನಿಗಳು ಮೊದಲೇ ಬರೆದಿಟ್ಟಿದ್ದರು.

ಈ ಕಥೆ ಐನ್‌ಸ್ಟೈನರಿಂದ ಶುರುವಾಗುತ್ತದೆ. ಸೂರ್ಯನ ಪಕ್ಕದಲ್ಲಿ ಹಾಯುವ ನಕ್ಷತ್ರದ ಬೆಳಕು ಬಾಗುತ್ತದೆಂದು 1919ರ ಗ್ರಹಣ ತೋರಿಸಿಕೊಟ್ಟಿತ್ತು. 1936ರಲ್ಲಿ ರೂಡಿ ಮಾಂಡ್ಲ್ ಎಂಬ ಹವ್ಯಾಸಿ ಪ್ರಿನ್ಸ್‌ಟನ್ನಿಗೇ ಹೋಗಿ, ನಕ್ಷತ್ರವೊಂದು ಮಸೂರದಂತೆ ಕೆಲಸ ಮಾಡಲಾರದೇ ಎಂದು ಅವರ ಬೆನ್ನು ಬಿದ್ದ. ಐನ್‌ಸ್ಟೈನ್ ಲೆಕ್ಕ ಹಾಕಿ ಚಿಕ್ಕ ಲೇಖನವೊಂದನ್ನು ಪ್ರಕಟಿಸಿದರು, ಆದರೆ ಇದನ್ನು ಕಣ್ಣಾರೆ ಕಾಣುವ ಭರವಸೆಯಿಲ್ಲ ಎಂದೇ ಬರೆದರು. ಒಂಟಿ ನಕ್ಷತ್ರದ ಮಟ್ಟಿಗೆ ಆ ಕಾಲಕ್ಕೆ ಅದು ಸರಿಯೇ. ಮರುವರ್ಷವೇ ಖಗೋಳವಿಜ್ಞಾನಿ ಫ್ರಿಟ್ಸ್ ಜ್ವಿಕಿ, ನಕ್ಷತ್ರ ಬೇಡ, ಗೆಲಾಕ್ಸಿಗಳನ್ನು ನೋಡಿ ಎಂದರು. ಯಾರೂ ಕಿವಿಗೊಡಲಿಲ್ಲ. ಮೊದಲ ಮಸೂರ, ಒಂದೇ ಕ್ವೇಸಾರ್ (ದೂರದ ಗೆಲಾಕ್ಸಿಯ ಅತಿ ಪ್ರಕಾಶಮಾನ ಕೇಂದ್ರ) ಎರಡಾಗಿ ಕಂಡದ್ದು, ಸಿಕ್ಕಿದ್ದು 1979ರಲ್ಲಿ. ಗೆಲಾಕ್ಸಿಗಳೂ ಗುಚ್ಛಗಳೂ ಇಂಥ ಬಹುಬಿಂಬಗಳನ್ನು ಹೇಗೆ ಮೂಡಿಸುತ್ತವೆ ಎಂದು 1984ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಬರೆದ ಮೂವರಲ್ಲಿ ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯ ರಾಜಾರಾಮ್ ನಿತ್ಯಾನಂದ ಒಬ್ಬರು. ನಮ್ಮವರು ನೆನಪಿಡಬೇಕಾದ ಹೆಸರಿದು. ಗುಚ್ಛಗಳ ಸುತ್ತ ಉದ್ದನೆಯ ಕಮಾನುಗಳು ಕಂಡದ್ದು ಅದಾದ ಮೇಲೆ, 1980ರ ದಶಕದ ಕೊನೆಯಲ್ಲಿ.

ಮೊದಲ ಮಸೂರ ಸಿಗುವುದಕ್ಕೂ ಮುಂಚೆ, 1964ರಲ್ಲೇ, ಸ್ಯೂರ್ ರೆಫ್ಸ್‌ಡಾಲ್ ಎಂಬ ನಾರ್ವೆಯ ತರುಣನಿಗೆ ಒಂದು ವಿಚಾರ ಹೊಳೆದಿತ್ತು. ಮಸೂರದ ಹಿಂದೆ ನಕ್ಷತ್ರವೊಂದು ಸೂಪರ್‌ನೋವಾ ಆಗಿ ಸಿಡಿದರೆ ಅದರ ಬಿಂಬಗಳೆಲ್ಲ ಒಟ್ಟಿಗೆ ಮೂಡುವುದಿಲ್ಲ, ಒಂದರ ಹಿಂದೊಂದು ಮೂಡುತ್ತವೆ.

ಬೆಂಗಳೂರಿನಿಂದ ಮಂಗಳೂರಿಗೆ ರಾತ್ರಿ ಒಂದೇ ಗಳಿಗೆಗೆ ಮೂರು ಬಸ್ಸು ಹೊರಟವೆನ್ನಿ. ಒಂದು ಸಕಲೇಶಪುರ ದಾಟಿ ಶಿರಾಡಿ ಘಾಟಿ ಇಳಿಯುತ್ತದೆ. ಇನ್ನೊಂದು ಕೊಟ್ಟಿಗೆಹಾರದ ಮೇಲೆ ಚಾರ್ಮಾಡಿಗೆ ಹೋಗುತ್ತದೆ. ಮತ್ತೊಂದು ಮಡಿಕೇರಿ ಹಾದು, ಸಂಪಾಜೆ ಇಳಿದು, ಸುಳ್ಯದ ಕಡೆಯಿಂದ ಬರುತ್ತದೆ. ಮೂರರಲ್ಲೂ ಇರುವುದು ಅದೇ ದಿನಪತ್ರಿಕೆಯ ಕಟ್ಟು. ಮಂಗಳೂರಿನಲ್ಲಿ ಕಾಯುವವರಿಗೆ ಮಾತ್ರ ಒಂದೇ ಸುದ್ದಿ ಮೂರು ಹೊತ್ತಿಗೆ ಸಿಗುತ್ತದೆ. ದಾರಿಯ ಉದ್ದ ಒಂದು ಕಾರಣ, ಘಾಟಿಯ ತಿರುವುಗಳಲ್ಲಿ ವೇಗ ಇಳಿಯುವುದು ಇನ್ನೊಂದು. ಬೆಳಕಿಗೂ ಈ ಎರಡೂ ಉಂಟು: ಬಾಗಿದ ದಾರಿ ಉದ್ದವಾಗುತ್ತದೆ, ಜೊತೆಗೆ ಗುರುತ್ವ ಬಲವಾಗಿರುವ ಕಡೆ ಕಾಲವೇ ನಿಧಾನವಾಗುವುದರಿಂದ ಅಲ್ಲಿ ಹಾದು ಬಂದ ಬೆಳಕು ನಮಗೆ ತಡವಾಗಿ ತಲುಪುತ್ತದೆ. ರಸ್ತೆಯ ನಕ್ಷೆ ಕೈಯಲ್ಲಿದ್ದರೆ, ಒಂದು ಬಸ್ಸು ಬಂದ ಹೊತ್ತು ನೋಡಿ ಮುಂದಿನದು ಯಾವಾಗ ಬಂದೀತೆಂದು ಹೇಳಬಹುದು.

2014ರ ನವೆಂಬರ್‌ನಲ್ಲಿ ಖಗೋಳವಿಜ್ಞಾನಿ ಪ್ಯಾಟ್ರಿಕ್ ಕೆಲ್ಲಿ ಅವರಿಗೆ ಹಬಲ್ ಚಿತ್ರಗಳಲ್ಲಿ ಸಿಕ್ಕಿದ್ದು ಇಂಥದ್ದೇ ಸುದ್ದಿ. ಸುಮಾರು 500 ಕೋಟಿ ಜ್ಯೋತಿರ್ವರ್ಷ ದೂರದ ಮ್ಯಾಕ್ಸ್ ಜೆ1149 ಎಂಬ ಗುಚ್ಛದೊಳಗಿನ ಒಂದು ಗೆಲಾಕ್ಸಿಯ ಸುತ್ತ, ಒಂದೇ ಸೂಪರ್‌ನೋವಾದ ನಾಲ್ಕು ಬಿಂಬಗಳು. ಸಿಡಿದ ನಕ್ಷತ್ರವಿದ್ದದ್ದು ಅದಕ್ಕೂ ಎಷ್ಟೋ ಹಿಂದಿನ ಸುರುಳಿ ಗೆಲಾಕ್ಸಿಯೊಂದರಲ್ಲಿ. ಅದರ ಬೆಳಕು ಹೊರಟು 900 ಕೋಟಿ ವರ್ಷಗಳೇ ಕಳೆದಿದ್ದವು. ಈ ಸುರುಳಿ ಗೆಲಾಕ್ಸಿಯನ್ನು ಇಡೀ ಗುಚ್ಛ ನಮಗೆ ಮೂರಾಗಿ ತೋರಿಸುತ್ತದೆ. ನಾಲ್ಕು ಚುಕ್ಕೆಗಳು ಆ ಮೂರರಲ್ಲಿ ಒಂದರಲ್ಲಿದ್ದವು. ಇನ್ನೊಂದರಲ್ಲಿ ಸ್ಫೋಟ ಸುಮಾರು 1990ರ ದಶಕದಲ್ಲೇ ಕಂಡು ಮರೆಯಾಗಿರಬೇಕು ಎಂದಿತು ಲೆಕ್ಕ; ನೋಡಿದವರಿಲ್ಲ. ಉಳಿದದ್ದು ಮೂರನೆಯದು. ಬೇರೆ ಬೇರೆ ತಂಡಗಳು ತಮ್ಮ ತಮ್ಮ ನಕ್ಷೆ ಹಿಡಿದು ಲೆಕ್ಕ ಹಾಕಿದವು. ಹೆಚ್ಚಿನವರ ಉತ್ತರ 2015ರ ಕೊನೆಯಿಂದ 2016ರ ಮೊದಲರ್ಧದೊಳಗೆ ಬಿತ್ತು. ಡಿಸೆಂಬರ್ 11ರಂದು, ಹೇಳಿದ ಜಾಗದಲ್ಲೇ, ಐದನೇ ಚುಕ್ಕೆ ಮೂಡಿತು. ಆ ಸೂಪರ್‌ನೋವಾಕ್ಕೆ ರೆಫ್ಸ್‌ಡಾಲ್ ಹೆಸರನ್ನೇ ಇಟ್ಟರು. ಅವರು 2009ರಲ್ಲೇ ತೀರಿಕೊಂಡಿದ್ದರು.

ಆ ನಕ್ಷೆ ಬರೆದದ್ದು ಯಾವುದರಿಂದ ಎಂಬುದನ್ನು ಗಮನಿಸಬೇಕು. ಇಂಥ ಗುಚ್ಛದ ತೂಕದಲ್ಲಿ ಕಣ್ಣಿಗೆ ಕಾಣುವ ನಕ್ಷತ್ರಗಳದ್ದು ಶೇಕಡಾ ಒಂದೆರಡು ಪಾಲು. ಬಿಸಿ ಅನಿಲದ್ದು ಅದಕ್ಕಿಂತ ಹೆಚ್ಚು. ಮಿಕ್ಕ ಬಹುಪಾಲು ಡಾರ್ಕ್ ಮ್ಯಾಟರ್, ಬೆಳಕನ್ನು ಹೊಮ್ಮಿಸದ ದ್ರವ್ಯ. ಕಮಾನುಗಳು ಎಲ್ಲಿ ಎಷ್ಟು ಬಾಗಿವೆ ಎಂದು ಅಳೆದು, ಕಾಣದ ಈ ದ್ರವ್ಯ ಎಲ್ಲೆಲ್ಲಿ ಎಷ್ಟೆಷ್ಟಿದೆ ಎಂದು ಗುರುತಿಸಿದ್ದರು. ಡಾರ್ಕ್ ಮ್ಯಾಟರ್ ಬರೀ ಕಲ್ಪನೆ ಎನ್ನುವವರು ಈ ಐದನೇ ಚುಕ್ಕೆಗೆ ಉತ್ತರ ಹೇಳಬೇಕು.

ರೆಫ್ಸ್‌ಡಾಲ್ ಬಯಸಿದ್ದು ವಿಶ್ವ ಹಿಗ್ಗುವ ವೇಗವನ್ನು, ಹಬಲ್ ಸ್ಥಿರಾಂಕವನ್ನು, ಬಿಂಬಗಳ ನಡುವಿನ ತಡದಿಂದಲೇ ಅಳೆಯುವುದು. ಅದನ್ನೂ ಕೆಲ್ಲಿ ತಂಡ 2023ರಲ್ಲಿ ಮಾಡಿತು. ಬಂದ ಉತ್ತರ ಪ್ರತಿ ಮೆಗಾಪಾರ್ಸೆಕ್ ದೂರಕ್ಕೆ ಸೆಕೆಂಡಿಗೆ 66.6 ಕಿಲೋಮೀಟರ್. ವೆಬ್ ಕಂಡ ಮತ್ತೊಂದು ಸೂಪರ್‌ನೋವಾದಿಂದ ಬಂದದ್ದು 75ರ ಆಸುಪಾಸು. ಎರಡರಲ್ಲೂ ತಪ್ಪಿನ ಅಂತರ ದೊಡ್ಡದು. ಆದ್ದರಿಂದ, ಬೇರೆ ಬೇರೆ ವಿಧಾನಗಳು ಬೇರೆ ಬೇರೆ ಉತ್ತರ ಕೊಡುವ ಹಬಲ್ ಸ್ಥಿರಾಂಕದ ಜಗಳ ಮುಗಿಯಿತು ಎಂಬ ತಲೆಬರಹ ಕಂಡರೆ ನಂಬಬೇಡಿ.

ಮುಂದಿನ ಬಸ್ಸು ಯಾವಾಗ ಎಂಬುದೂ ಗೊತ್ತಾಗಿದೆ. 2016ರ ಹಬಲ್ ಚಿತ್ರದಲ್ಲಿ ಮೂರು ಬಿಂಬಗಳಾಗಿ ಸಿಕ್ಕ ರೆಕ್ವಿಯಮ್ ಎಂಬ ಸೂಪರ್‌ನೋವಾದ ನಾಲ್ಕನೇ ಬಿಂಬ 2037ರಲ್ಲಿ, ಎರಡು ವರ್ಷ ಹಿಂದೆಮುಂದೆ, ಕಾಣಬೇಕು. ಮನೆಯಲ್ಲಿ ಹೈಸ್ಕೂಲು ಓದುವ, ಆಕಾಶದಲ್ಲಿ ಆಸಕ್ತಿಯಿರುವ ಮಕ್ಕಳಿದ್ದರೆ ಈ ವರ್ಷವನ್ನು ಈಗಲೇ ಹೇಳಿಡಿ. ಆ ಚಿತ್ರ ತೆಗೆಯುವ ತಂಡದಲ್ಲಿ ಅವರೂ ಇರಬಹುದು.