ಎರೆನೆಲದೊಳಗಿನ ಪಾಯ

ಕಲಬುರ್ಗಿಯಲ್ಲಿ, ಗಾಜಿಪುರದ ಓಣಿಯಲ್ಲಾಗಲಿ ಊರ ಹೊರಗಿನ ಹೊಸ ಬಡಾವಣೆಯಲ್ಲಾಗಲಿ, ಮನೆ ಕಟ್ಟಿಸಲು ಹೊರಟ ಗೃಹಸ್ಥನು ಗೌಂಡಿಯನ್ನು ಮೊತ್ತಮೊದಲು ಕೇಳುವುದು ಪಾಯವನ್ನು ಎಷ್ಟು ಆಳ ತೆಗೆಯಬೇಕೆಂಬುದನ್ನು. “ಗಟ್ಟಿ ಹತ್ತೋ ತನಕ ತೆಗೀಬೇಕ್ರೀ” ಎಂದು ಆತನು ಕೊಡುವ ಉತ್ತರದಲ್ಲಿ ಈ ಸೀಮೆಯ ನೆಲದ ಸ್ವಭಾವವೆಲ್ಲ ಅಡಕವಾಗಿದೆ. ದಖ್ಖನಿನ ಕಪ್ಪು ಬಸಾಲ್ಟ್ ಶಿಲೆಯು ಯುಗಾಂತರಗಳ ಬಿಸಿಲು ಮಳೆಗಳಿಗೆ ಶಿಥಿಲವಾಗಿ ಉಂಟಾದ ಎರೆಮಣ್ಣು ತೊಗರಿಗೂ ಬಿಳಿಜೋಳಕ್ಕೂ ಕಾಮಧೇನುವಾಗಿದ್ದರೂ ಕಟ್ಟಡಕ್ಕೆ ಮಾತ್ರ ನೆಚ್ಚತಕ್ಕ ಆಸರೆಯಲ್ಲ. ಅದರಲ್ಲಿರುವ ಮಾಂಟ್ಮೊರಿಲೊನೈಟ್ ಎಂಬ ಜೇಡಿಯ ಅತಿಸೂಕ್ಷ್ಮ ಪದರಗಳು ತಮ್ಮ ನಡುವೆ ನೀರನ್ನು ಸೇರಿಸಿಕೊಂಡು ನೆನೆಹಾಕಿದ ಕಡಲೆಯಂತೆ ಉಬ್ಬುತ್ತವೆ, ನೀರಾರಿದೊಡನೆ ಕುಗ್ಗುತ್ತವೆ. ಆದುದರಿಂದಲೇ ವೈಶಾಖದಲ್ಲಿ ಹೊಲವೆಲ್ಲ ಬಾಯಿಬಿಟ್ಟು ನಿಲ್ಲುವುದೂ, ಶ್ರಾವಣದ ಹೊತ್ತಿಗೆ ಆ ಬಿರುಕುಗಳೆಲ್ಲ ಕೂಡಿಕೊಂಡು ನೆಲವೇ ಮೇಲೆದ್ದು ಬರುವುದೂ, ಅದರ ಮೇಲೆ ನಿಂತ ಗೋಡೆಗಳು ವರ್ಷಕ್ಕೊಂದಾವರ್ತಿ ಏರಿಳಿದು ಕಿಟಕಿಯ ಮೂಲೆಯಿಂದ ಓರೆಯಾಗಿ ಸೀಳುವುದೂ ಇಲ್ಲಿ ಎಲ್ಲರೂ ಬಲ್ಲ ಸಂಗತಿ.

ಮನೆಯ ಗೋಡೆ ಬಿರುಕುಬಿಟ್ಟರೆ ಗಿಲಾವು ಮಾಡಿಸಿ, ಸುಣ್ಣ ಬಳಿಸಿ, ಇನ್ನೊಂದು ಹತ್ತು ವರ್ಷ ಬಾಳಬಹುದು. ಆದರೆ ಅದೇ ನೆಲದ ಮೇಲೆ ವಿದ್ಯುತ್ ಉಪಕೇಂದ್ರವೊಂದು ನಿಂತಿದ್ದರೆ, ನೂರು ಟನ್ನಿನ ಆಸುಪಾಸು ತೂಗುವ ಟ್ರಾನ್ಸ್‌ಫಾರ್ಮರಿನ ಕಟ್ಟೆ ಒಂದು ಬದಿಗೆ ಕುಸಿದರೆ, ಅಥವಾ ಸ್ವಿಚ್ಚುಗಳನ್ನು ಹೊತ್ತ ಉಕ್ಕಿನ ಕಂಬವೊಂದು ಒಂದಿಷ್ಟು ವಾಲಿ, ಅದರ ತಾಮ್ರದ ತೋಳು ಎದುರಿನ ಹಿಡಿಯಲ್ಲಿ ಸರಿಯಾಗಿ ಕೂರದೆ, ಆ ಸಂದಿನಲ್ಲಿ ಕಾವು ಹುಟ್ಟತೊಡಗಿದರೆ, ಅದರ ಫಲವನ್ನು ಒಂದು ಮನೆಯಲ್ಲ, ಒಂದು ಊರೇ ಅನುಭವಿಸಬೇಕಾಗುತ್ತದೆ. ಬೀದರಿನಿಂದ ಬಳ್ಳಾರಿಯವರೆಗಿನ ಸೀಮೆಗೆ ವಿದ್ಯುತ್ತನ್ನು ಹಂಚುವ ಜೆಸ್ಕಾಂ ಸಂಸ್ಥೆ 2002ರಲ್ಲಿ ಸ್ಥಾಪಿತವಾದಂದಿನಿಂದಲೂ ಅದರ ಕೇಂದ್ರ ಕಚೇರಿ ಇದೇ ಕಲಬುರ್ಗಿಯಲ್ಲಿದೆ. ವಿದ್ಯುತ್ತೆಂದೊಡನೆ ನಾವು ತಂತಿ, ಕಂಬ, ಮೀಟರುಗಳನ್ನು ನೆನೆಯುತ್ತೇವೆ. ಅವೆಲ್ಲವನ್ನೂ ಅಲುಗದಂತೆ ಹಿಡಿದು ನಿಲ್ಲಿಸುವ ಮಣ್ಣು, ಖಡಿ, ಉಸುಕು, ಸಿಮೆಂಟುಗಳ ಕಾರ್ಯವನ್ನು ನೆನೆಯುವವರು ವಿರಳ. ಆ ಕಾರ್ಯಕ್ಕೆ ಸಲ್ಲಬೇಕಾದ ಗಮನ ಸಲ್ಲುತ್ತಿಲ್ಲವೆಂಬುದೇ ಈ ಲೇಖನಕ್ಕೆ ಪ್ರೇರಣೆ.

ಹೊಲದ ನಡುವೆ ನಿಂತ ವಿದ್ಯುದ್ವಾಹಕ ಗೋಪುರವನ್ನು ನೋಡಿದವರಿಗೆ, ಅದರ ಪಾಯದ ಕೆಲಸವೆಂದರೆ ಮೇಲಿನ ಭಾರವನ್ನು ಹೊರುವುದಷ್ಟೆ ಎಂದು ತೋರುವುದು ಸಹಜ. ವಾಸ್ತವದಲ್ಲಿ ಗೋಪುರದ ಸ್ವಂತ ತೂಕ ದೊಡ್ಡ ವಿಷಯವೇ ಅಲ್ಲ. ಗಾಳಿಯು ತಂತಿಗಳಿಗೆ ಅಡ್ಡವಾಗಿ ಬೀಸಿದಾಗ, ಗಾಳಿ ಬರುವ ಕಡೆಯ ಎರಡು ಕಾಲುಗಳು ನೆಲದಿಂದ ಕಿತ್ತು ಬರಲು ಹವಣಿಸುತ್ತವೆ, ಆಚೆಯ ಎರಡು ಕಾಲುಗಳು ನೆಲದೊಳಕ್ಕೆ ಒತ್ತಲ್ಪಡುತ್ತವೆ. ಗಾಳಿ ತಿರುಗಿದೊಡನೆ ಪಾತ್ರಗಳೂ ಅದಲುಬದಲಾಗುತ್ತವೆ. ಎಂದರೆ ಪ್ರತಿಯೊಂದು ಕಾಲಿನ ಪಾಯವೂ ಹೊರುವುದಕ್ಕಿಂತ ಹೆಚ್ಚಾಗಿ ಹಿಡಿದುಕೊಳ್ಳಬೇಕು. ಈ ಹಿಡಿತ ಬರುವುದು ಕಾಂಕ್ರೀಟಿನ ತೂಕದಿಂದ ಮಾತ್ರವಲ್ಲ, ಅದರ ಮೇಲೆ ಮರಳಿ ತುಂಬಿದ ಮಣ್ಣಿನ ತೂಕದಿಂದಲೂ ಕೂಡ; ಆದಕಾರಣ ಹಳ್ಳವನ್ನು ಮುಚ್ಚುವ ಕೆಲಸವೂ ಪಾಯದ ಕೆಲಸವೇ. ಅಗೆದು ತೆಗೆದ ಎರೆಮಣ್ಣನ್ನೇ ಮರಳಿ ಸುರಿದು ಹೋದರೆ ಮೊದಲ ಮಳೆಗೆ ಅದು ಕೆಸರಾಗಿ ತನ್ನ ಬಲವನ್ನೆಲ್ಲ ಕಳೆದುಕೊಳ್ಳುವುದರಿಂದ, ಬಲ್ಲ ಕಂತ್ರಾಟುದಾರರು ಬೇರೆಡೆಯಿಂದ ಮುರುಮು ತರಿಸಿ, ತೆಳುವಾದ ಪದರಗಳಲ್ಲಿ ನೀರು ಹೊಯ್ದು ಧಮ್ಮಸು ಮಾಡಿಸುತ್ತಾರೆ.

ಇಷ್ಟಾದರೂ ಎಲ್ಲ ಗೋಪುರಗಳಿಗೂ ಒಂದೇ ಪಾಯ ಸಲ್ಲದು. ಕಲಬುರ್ಗಿಯಿಂದ ಕಮಲಾಪುರದ ಹಾದಿ ಹಿಡಿದು ಹುಮನಾಬಾದಿನ ಕಡೆಗೆ ಹೋಗುವವರು, ತೊಗರಿಯ ಕಪ್ಪು ಹೊಲಗಳು ಹಿಂದುಳಿದು, ದಿಣ್ಣೆಗಳೇರಿದಂತೆ ನೆಲ ಕೆಂಪಡರಿ, ಕಮಲಾಪುರದ ಪ್ರಸಿದ್ಧವಾದ ಕೆಂಪು ಬಾಳೆಯ ತೋಟಗಳು ಕಾಣಿಸಿಕೊಳ್ಳುವುದನ್ನು ಗಮನಿಸಿರಬಹುದು. ದಕ್ಷಿಣಕ್ಕೆ ಹೊರಳಿ ಶಹಾಬಾದ, ವಾಡಿ, ಸೇಡಂಗಳ ಕಡೆಗೆ ಹೋದರೆ ಮಣ್ಣಿನ ತೆಳುವಾದ ಹೊದಿಕೆಯಡಿಯಲ್ಲಿ ಸುಣ್ಣದ ಕಲ್ಲಿನ ಹಾಸೇ ಸಿಗುತ್ತದೆ. ನಮ್ಮ ಮನೆಗಳ ನೆಲಕ್ಕೆ ಹಾಸಿದ ಫರಸಿಯೂ, ನಾಡಿನ ಅನೇಕ ಅಣೆಕಟ್ಟು ಕಾರ್ಖಾನೆಗಳಿಗೆ ಹೋದ ಸಿಮೆಂಟೂ ಹುಟ್ಟಿದ್ದು ಆ ಹಾಸಿನಿಂದಲೇ. ಹೀಗೆ ಒಂದೇ ಜಿಲ್ಲೆಯೊಳಗೆ ಸಾಗುವ ತಂತಿಮಾರ್ಗವೊಂದು ಎರೆಯನ್ನೂ, ಮುರುಮನ್ನೂ, ಬಂಡೆಯನ್ನೂ ತುಳಿಯಬೇಕಾದಾಗ, ಪ್ರತಿ ಗೋಪುರದ ಸ್ಥಳದಲ್ಲಿಯೂ ಮಣ್ಣಿನ ಪರೀಕ್ಷೆಯಾಗಿ ಅದಕ್ಕೆ ತಕ್ಕ ಪಾಯವೇ ಬೀಳಬೇಕು. ಬಂಡೆಯಾದರೆ ಅದರಲ್ಲಿ ರಂಧ್ರ ಕೊರೆದು ಉಕ್ಕಿನ ಸರಳುಗಳನ್ನು ಬಿಗಿದರೆ ಸಾಕು; ಕಷ್ಟವೆಲ್ಲ ಎರೆಯದೇ.

ಈ ಕಷ್ಟಕ್ಕೆ ನಮ್ಮ ದೇಶದಲ್ಲಿಯೇ ರೂಪುಗೊಂಡ ಒಂದು ಪರಿಹಾರವುಂಟು. ರೂರ್ಕಿಯ ಕೇಂದ್ರೀಯ ಕಟ್ಟಡ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು ಸ್ವಾತಂತ್ರ್ಯದ ತರುವಾಯದ ದಶಕಗಳಲ್ಲಿ ಅಂಡರ್‌ರೀಮ್ಡ್ ಪೈಲ್ ಎಂಬ ಪಾಯವನ್ನು ಅಭಿವೃದ್ಧಿಪಡಿಸಿದರು. ಯಾರಾದರೂ ಅದನ್ನು ಹಾಕುವ ಹೊಲದ ಬದುವಿನಲ್ಲಿ ಅರ್ಧ ದಿವಸ ನಿಂತು ನೋಡಿದರೆ ಅದರ ಸರಳತೆಗೆ ಮನಸೋಲದೆ ಇರಲಾರರು. ಮೂರು ಕಾಲಿನ ಚೌಕಟ್ಟಿನ ನಡುವೆ ತಿರುಪಿನ ಬೈರಿಗೆಯನ್ನು ನಿಲ್ಲಿಸಿ, ಇಬ್ಬರು ಮೂವರು ಆಳುಗಳು ಅದರ ಹಿಡಿಯನ್ನು ಸುತ್ತುತ್ತ, ಎರಡಡಿಗೊಮ್ಮೆ ಮೇಲೆತ್ತಿ ಅಂಟಿದ ಕಪ್ಪು ಜೇಡಿಯನ್ನು ಕೆರೆದು ಹಾಕುತ್ತ, ಕಿರಿದಾದ ಕುಳಿಯೊಂದನ್ನು ಕೊರೆಯುತ್ತಾರೆ. ತಳ ಮುಟ್ಟಿದ ಮೇಲೆ ಬೈರಿಗೆಯನ್ನು ತೆಗೆದು ಬೇರೊಂದು ಉಪಕರಣವನ್ನು ಇಳಿಬಿಡುತ್ತಾರೆ. ಅದನ್ನು ಮೇಲಿನಿಂದ ಒತ್ತಿ ತಿರುಗಿಸಿದಂತೆಲ್ಲ ಅದರ ಬದಿಯ ಅಲಗುಗಳು ಹಿಗ್ಗಿ ಸುತ್ತಲಿನ ಮಣ್ಣನ್ನು ಕತ್ತರಿಸುತ್ತವೆ, ಕತ್ತರಿಸಿದ ಮಣ್ಣು ಅಡಿಯಲ್ಲಿ ಕಟ್ಟಿದ ಬಕೀಟಿನೊಳಗೆ ಬೀಳುತ್ತದೆ. ಹೀಗೆ ಕುಳಿಯ ತಳದ ಬಳಿ, ಕುಳಿಯ ವ್ಯಾಸದ ಸುಮಾರು ಎರಡೂವರೆ ಪಟ್ಟು ಅಗಲದ ಒಂದು ಗೋಳಾಕಾರದ ಪೊಳ್ಳು ಏರ್ಪಡುತ್ತದೆ. ಸರಳಿನ ಪಂಜರವನ್ನಿಳಿಸಿ ಕಾಂಕ್ರೀಟು ಹೊಯ್ದರೆ ಆ ಪೊಳ್ಳೇ ಗಟ್ಟಿಯಾದ ಗುಂಡಾಗಿ, ಮೇಲಿನ ನೆಲ ಉಬ್ಬಿ ಎಷ್ಟೇ ಮೇಲಕ್ಕೆಳೆದರೂ ಪಾಯವನ್ನು ಬಿಡದೆ ಹಿಡಿಯುತ್ತದೆ. ನೆಲದಿಂದ ಕೆಲವು ಅಡಿಗಳವರೆಗೆ ಮಾತ್ರ ಋತುಮಾನದ ತೇವ ಏರಿಳಿಯುವುದೆಂಬುದೂ, ಅದರ ಕೆಳಗೆ ಎರೆಯೂ ವರ್ಷವಿಡೀ ಒಂದೇ ಸ್ಥಿತಿಯಲ್ಲಿರುವುದೆಂಬುದೂ ಇದರ ಮೂಲತತ್ತ್ವ. ಆಳವಾದ ಎರೆನೆಲದಲ್ಲಿ ಇಂಥ ಪೈಲುಗಳು 3.5 ಮೀಟರಿಗೆ ಕಡಮೆಯಿರಕೂಡದೆಂದು ಭಾರತೀಯ ಮಾನಕ ಸಂಹಿತೆ ವಿಧಿಸುವುದು ಆ ಕಾರಣದಿಂದಲೇ. ಪೈಲುಗಳ ತಲೆಗಳನ್ನು ಕೂಡಿಸುವ ತೊಲೆಗೂ ನೆಲಕ್ಕೂ ನಡುವೆ ನಾಲ್ಕು ಬೆರಳಿನಷ್ಟು ತೆರವನ್ನು ಬಿಡುತ್ತಾರೆ, ಮಣ್ಣು ಉಬ್ಬಿದರೆ ಉಬ್ಬಲಿ, ತೊಲೆಯನ್ನು ಮುಟ್ಟದಿರಲಿ ಎಂದು.

ಉಪಕೇಂದ್ರದ ಆವರಣಕ್ಕೆ ಹೋದರೆ ಹುಗಿದ ಕೆಲಸ ಇನ್ನೂ ಅಧಿಕ. ಅಲ್ಲಿ ನೆಲದ ಮೇಲೆ ಹರವಿದ ಖಡಿಯನ್ನು ಅಲಂಕಾರವೆಂದೋ ಕಳೆ ಬೆಳೆಯದಿರಲೆಂದೋ ತಿಳಿಯುವವರುಂಟು. ಕಳೆಯನ್ನು ತಡೆಯುವುದು ನಿಜವಾದರೂ ಅದರ ಮುಖ್ಯ ಪ್ರಯೋಜನ ಪ್ರಾಣರಕ್ಷಣೆ: ಎಲ್ಲಿಯೋ ದೋಷ ಸಂಭವಿಸಿ ಭಾರಿ ವಿದ್ಯುತ್ ಪ್ರವಾಹ ನೆಲಕ್ಕೆ ಹರಿದ ಆ ಕ್ಷಣದಲ್ಲಿ, ನಡೆಯುವವನ ಎರಡು ಹೆಜ್ಜೆಗಳ ನಡುವೆಯೇ ಮಾರಕವಾದ ವೋಲ್ಟೇಜು ಏರ್ಪಡಬಹುದು, ಒಣ ಖಡಿಯ ಪದರವು ಅವನ ಪಾದಕ್ಕೂ ಮಣ್ಣಿಗೂ ನಡುವೆ ಅಡ್ಡಲಾಗಿ ನಿಲ್ಲುತ್ತದೆ. ಖಡಿಯ ಕೆಳಗೆ, ಸುಮಾರು ಅರ್ಧ ಮೀಟರಿಗೂ ಮಿಕ್ಕ ಆಳದಲ್ಲಿ, ಉಕ್ಕಿನ ಪಟ್ಟಿಗಳ ಜಾಲವೊಂದು ಆವರಣದ ಉದ್ದಗಲಕ್ಕೂ ಹರಡಿರುತ್ತದೆ. ಟ್ರಾನ್ಸ್‌ಫಾರ್ಮರಿನ ಸುತ್ತಲೂ ಎಣ್ಣೆ ಇಳಿಯುವ ಕುಳಿ, ಎರಡು ಟ್ರಾನ್ಸ್‌ಫಾರ್ಮರುಗಳ ನಡುವೆ ಬೆಂಕಿಯನ್ನು ತಡೆಯುವ ಗೋಡೆ, ಕೇಬಲ್ಲುಗಳ ಕಾಲುವೆಯಲ್ಲಿ ನೀರು ನಿಲ್ಲದಂತೆ ಇಳಿಜಾರು, ಇವೆಲ್ಲ ಗೌಂಡಿಯ ಕೈಯ ಕೆಲಸಗಳೇ. 2020ರ ಅಕ್ಟೋಬರಿನಲ್ಲಿ ಭೀಮಾ ನದಿ ಉಕ್ಕಿ ಜಿಲ್ಲೆಯ ಎಷ್ಟೋ ಹಳ್ಳಿಗಳು ಜಲಾವೃತವಾದುದನ್ನು ಕಂಡವರಿಗೆ, ಇಂಥ ಆವರಣದ ನೆಲಮಟ್ಟವನ್ನು ನಿರ್ಧರಿಸುವ ಒಂದು ರೇಖೆಗೆ ಎಷ್ಟು ಬೆಲೆಯಿದೆಯೆಂದು ಹೇಳಬೇಕಾದುದಿಲ್ಲ. ಭೂಕಂಪದ ಮಾತೂ ಹಾಗೆಯೇ. 1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ ನೆರೆಯ ಲಾತೂರ್ ಜಿಲ್ಲೆಯ ಕಿಲ್ಲಾರಿ ನೆಲಸಮವಾಗುವವರೆಗೂ ಆ ಪ್ರದೇಶವು ಅತ್ಯಲ್ಪ ಅಪಾಯದ ಮೊದಲನೆಯ ವಲಯದಲ್ಲಿ ಸೇರಿತ್ತು; 2002ರಲ್ಲಿ ಪರಿಷ್ಕೃತವಾದ ಭೂಕಂಪ ಸಂಹಿತೆಯು ಆ ವಲಯವನ್ನೇ ರದ್ದುಗೊಳಿಸಿತು.

ಈ ಪಾಯಗಳ ಮೇಲೆ ದೇಶದ ಭಾರವೂ ಕುಳಿತಿದೆ. 2012ರ ಜುಲೈ 30 ಮತ್ತು 31ರಂದು ಉತ್ತರ ಹಾಗೂ ಪೂರ್ವ ಭಾರತದಲ್ಲಿ ವಿದ್ಯುಜ್ಜಾಲ ಕುಸಿದು ಕೋಟ್ಯಂತರ ಜನ ಕತ್ತಲೆಯಲ್ಲಿ ಮುಳುಗಿದಾಗ ದಕ್ಷಿಣದ ನಮಗೆ ಅದು ತಟ್ಟಲಿಲ್ಲ. ನಮ್ಮ ಜಾಲವು ಉಳಿದ ದೇಶದೊಡನೆ ಏಕತಾಳದಲ್ಲಿ ಇನ್ನೂ ಕೂಡಿರಲಿಲ್ಲ. ಆ ಕೂಡಿಕೆ ನಡೆದುದು 2013ರ ಡಿಸೆಂಬರ್ 31ರಂದು, ರಾಯಚೂರಿನಿಂದ ಹೊರಟು ಕೃಷ್ಣೆಯನ್ನೂ ಭೀಮೆಯನ್ನೂ ದಾಟಿ ಸೊಲ್ಲಾಪುರವನ್ನು ಮುಟ್ಟುವ 765 ಕಿಲೋವೋಲ್ಟಿನ ಮಾರ್ಗದ ಮೂಲಕ. ಎಂದರೆ ದೇಶವೆಲ್ಲ ಒಂದೇ ಜಾಲವಾದ ಆ ದಿನ ಅದರ ಗಂಟು ಬಿದ್ದುದು ಈ ನಮ್ಮ ಎರೆಸೀಮೆಯಲ್ಲಿಯೇ.

ನಾಗರಿಕ ಕಾಮಗಾರಿಯ ದೋಷವು ಎಲ್ಲಿಯವರೆಗೆ ಹೋಗಬಲ್ಲುದೆಂಬುದಕ್ಕೆ ಕರ್ನಾಟಕದಲ್ಲಿಯೇ ಗಂಭೀರವಾದ ನಿದರ್ಶನವೊಂದಿದೆ. ಉತ್ತರ ಕನ್ನಡದ ಕಾಳಿ ನದಿಯ ದಡದ ಕೈಗಾದಲ್ಲಿ ಪರಮಾಣು ವಿದ್ಯುತ್ ಸ್ಥಾವರ ನಿರ್ಮಾಣವಾಗುತ್ತಿದ್ದಾಗ, 1994ರ ಮೇ 13ರಂದು, ಒಂದನೆಯ ಘಟಕದ ಒಳ ಗುಮ್ಮಟದ ಅಡಿಭಾಗದಿಂದ ನೂರು ಟನ್ನಿಗೂ ಮಿಕ್ಕ ಕಾಂಕ್ರೀಟು ಪದರವಾಗಿ ಕಳಚಿ ಕೆಳಕ್ಕೆ ಬಿತ್ತು. ಹದಿನಾಲ್ಕು ಮಂದಿ ಕಾರ್ಮಿಕರು ಗಾಯಗೊಂಡರು. ಪುಣ್ಯವಶಾತ್ ಪ್ರಾಣಹಾನಿಯಾಗಲಿಲ್ಲ, ಇಂಧನವನ್ನು ತುಂಬುವ ಕಾಲ ಇನ್ನೂ ದೂರವಿತ್ತು. ಆಕಸ್ಮಿಕದ ಸಂದರ್ಭದಲ್ಲಿ ಒಳಗಿನ ಒತ್ತಡ ಹೊರಕ್ಕೆ ನುಗ್ಗದಂತೆ ತಡೆಯಬೇಕಾದ ಇಂಥ ಗುಮ್ಮಟದ ಕಾಂಕ್ರೀಟಿನೊಳಗೆ ಬಾಗಿದ ಕೊಳವೆಗಳನ್ನಿರಿಸಿ, ಅವುಗಳಲ್ಲಿ ಉಕ್ಕಿನ ಹುರಿಗಳನ್ನು ತೂರಿಸಿ, ಪ್ರಚಂಡ ಬಲದಿಂದ ಎಳೆದು ಬಿಗಿಯುತ್ತಾರೆ. ಬಾಗಿದ ಹುರಿಯನ್ನು ಎಳೆದಾಗ ಅದು ನೆಟ್ಟಗಾಗಲು ಹವಣಿಸಿ ಬಾಗಿನ ಕೇಂದ್ರದ ಕಡೆಗೆ ಕಾಂಕ್ರೀಟನ್ನು ತಳ್ಳುತ್ತದೆ. ಆಗ ಚಿಪ್ಪಿನ ದಪ್ಪದಲ್ಲಿ ಮೇಲಿನ ಪದರವನ್ನು ಕೆಳಗಿನ ಪದರದಿಂದ ಬೇರ್ಪಡಿಸುವ ಎಳೆತವೊಂದು ಹುಟ್ಟುತ್ತದೆ. ಆ ಎಳೆತವನ್ನು ತಡೆಯಲು ಚಿಪ್ಪಿಗೆ ಅಡ್ಡಲಾಗಿ ಸರಳುಗಳಿರಲಿಲ್ಲ. ಕೊಳವೆಗಳ ದಟ್ಟಣೆಯಿಂದ ಅಲ್ಲಿ ಕಾಂಕ್ರೀಟೂ ಕ್ಷೀಣವಾಗಿತ್ತು. ತನಿಖೆಗಳ ತರುವಾಯ ಗುಮ್ಮಟದ ವಿನ್ಯಾಸವನ್ನು ಬದಲಿಸಿ, ಅಡ್ಡ ಸರಳುಗಳನ್ನು ಸೇರಿಸಿ, ಸೂಕ್ಷ್ಮವಾದ ಸಿಲಿಕಾ ಪುಡಿ ಬೆರೆಸಿದ ಹೆಚ್ಚು ಬಲದ ಕಾಂಕ್ರೀಟಿನಿಂದ ಹೊಸದಾಗಿ ಕಟ್ಟಲಾಯಿತು. ಅದೇ ಒಂದನೆಯ ಘಟಕವು 2000ದಲ್ಲಿ ಉತ್ಪಾದನೆಯನ್ನಾರಂಭಿಸಿ, 2018ರ ಕೊನೆಗೆ 962 ದಿವಸ ನಿರಂತರವಾಗಿ ನಡೆದು, ಅಂದಿಗೆ ಲೋಕದ ದಾಖಲೆಯನ್ನೇ ಸ್ಥಾಪಿಸಿತು.

ಕೈಗಾದ ದೋಷ ಕಟ್ಟುವಾಗಲೇ ಬಯಲಾಯಿತು, ಏಕೆಂದರೆ ಹುರಿಯನ್ನು ಬಿಗಿಯುವ ಕ್ರಿಯೆಯೇ ಅಲ್ಲಿ ಪರೀಕ್ಷೆಯೂ ಆಗಿತ್ತು. ಹೊಲದಲ್ಲಿ ಹುಗಿದ ಪಾಯಕ್ಕೆ ಅಂಥ ಪರೀಕ್ಷೆ ಅಪರೂಪ. ಆಯ್ದ ಕೆಲವು ಪೈಲುಗಳ ಮೇಲೆ ಭಾರ ಹೇರಿ ನೋಡುತ್ತಾರೆ, ಕಾಂಕ್ರೀಟಿನ ಘನಗಳನ್ನು ಇಪ್ಪತ್ತೆಂಟನೆಯ ದಿವಸ ಯಂತ್ರದಲ್ಲಿ ಒತ್ತಿ ನೋಡುತ್ತಾರೆ. ಉಳಿದುದನ್ನೆಲ್ಲ ಪರೀಕ್ಷಿಸುವುದು ಮುಂದೊಂದು ದಿನ ಬರುವ ಬಿರುಗಾಳಿಯೇ. ಆದುದರಿಂದ ಕುಳಿಯ ತಳದ ಗುಂಡು ಸರಿಯಾಗಿ ಹಿಗ್ಗಿದೆಯೇ, ಕಾಂಕ್ರೀಟು ಹೊಯ್ಯುವ ಮುನ್ನ ಬದಿಯ ಮಣ್ಣು ಕುಸಿದಿಲ್ಲವೇ, ಗೋಣಿತಾಟು ಹೊದಿಸಿ ನೀರುಣಿಸುವ ಕೆಲಸ ಬೇಸಿಗೆಯ ಉರಿಯಲ್ಲಿ ಬಿಡದೆ ನಡೆದಿದೆಯೇ ಎಂಬುದನ್ನು ಮಣ್ಣು ಮುಚ್ಚುವ ಮೊದಲು ನೋಡುವ ಕಿರಿಯ ಎಂಜಿನಿಯರನ ಕಣ್ಣಿಗಿಂತ ದೊಡ್ಡ ರಕ್ಷಣೆ ಈ ಕಾರ್ಯದಲ್ಲಿ ಬೇರೊಂದಿಲ್ಲವೆಂದು ನಾನು ದೃಢವಾಗಿ ನಂಬುತ್ತೇನೆ. ಕೆಲಸ ಮುಗಿಸುವ ಅವಸರ, ಬಿಲ್ಲಿನ ಗಡುವು, ಮಳೆ ಹತ್ತಿರ ಬಂದಿತೆಂಬ ಆತಂಕ ಇವೆಲ್ಲ ಅವನನ್ನು ಕುಳಿಯಿಂದ ದೂರಕ್ಕೆಳೆಯುತ್ತಿರುವಾಗ, ಮೇಲಿನವರು ಅವನಿಗೆ ಬೇಡವೆನ್ನುವ ಅಧಿಕಾರವನ್ನು ಕೊಟ್ಟಿರಬೇಕು; ಮುಚ್ಚುವ ಮುನ್ನ ತೆಗೆದ ಅಳತೆಗಳೂ ಛಾಯಾಚಿತ್ರಗಳೂ ಮಣ್ಣಿನ ವರದಿಗಳೂ ಗೋಪುರದ ಆಯುಷ್ಯವಿರುವಷ್ಟು ಕಾಲವೂ ಕಡತದಲ್ಲಿ ಉಳಿಯಬೇಕು. ನಲವತ್ತು ವರ್ಷಗಳ ತರುವಾಯ ಅದೇ ಮಾರ್ಗದಲ್ಲಿ ಹೆಚ್ಚು ಭಾರದ ತಂತಿಯನ್ನು ಎಳೆಯಬೇಕಾಗಿ ಬಂದಾಗ, ಕಮಲಾಪುರದ ಹಾದಿಯ ಯಾವ ಗೋಪುರದ ಯಾವ ಕಾಲು ಎರೆಯಲ್ಲಿದೆ, ಯಾವುದು ಮುರುಮಿನಲ್ಲಿದೆಯೆಂಬುದನ್ನು ಅಂದಿನ ಎಂಜಿನಿಯರು ಅಗೆದು ನೋಡದೆಯೇ ತಿಳಿಯುವಂತಿರಬೇಕು.