ಅಗ್ಗದ, ಬ್ರಾಂಡ್ ರಹಿತ ಲ್ಯಾಪ್‌ಟಾಪ್ ಖರೀದಿ: ಗ್ರಾಹಕರ ಮಾಹಿತಿಗಾಗಿ

ಮಕ್ಕಳ ವ್ಯಾಸಂಗಕ್ಕಾಗಿ ಅಥವಾ ಆನ್‌ಲೈನ್ ಅರ್ಜಿಗಳ ಸಲ್ಲಿಕೆಗಾಗಿ ಅನೇಕ ಕುಟುಂಬಗಳು ಪರಿಚಿತವಲ್ಲದ ಹೆಸರಿನ ಅಥವಾ ಯಾವ ಹೆಸರೂ ಇಲ್ಲದ ಲ್ಯಾಪ್‌ಟಾಪ್‌ಗಳನ್ನು ಕಡಿಮೆ ಬೆಲೆಗೆ ಖರೀದಿಸುವುದುಂಟು. ಇದರಲ್ಲಿ ತಪ್ಪೇನೂ ಇಲ್ಲ. ಪ್ರಸಿದ್ಧ ಸಂಸ್ಥೆಗಳ ಲ್ಯಾಪ್‌ಟಾಪ್‌ಗಳನ್ನು ಸಹ ಬಹುಮಟ್ಟಿಗೆ ಕ್ವಾಂಟಾ, ಕಾಂಪಾಲ್ ಮುಂತಾದ ತೈವಾನ್ ಮೂಲದ ಗುತ್ತಿಗೆ ತಯಾರಕರೇ ಸಿದ್ಧಪಡಿಸುತ್ತಾರೆ. ಹೆಸರಾಂತ ಬ್ರಾಂಡಿಗೆ ತೆರುವ ಹೆಚ್ಚಿನ ಬೆಲೆಗೆ ಪ್ರತಿಯಾಗಿ ದೊರೆಯುವುದು ಗುಣಮಟ್ಟದ ತಪಾಸಣೆ, ಬಿಡಿಭಾಗಗಳ ಪೂರೈಕೆ ಹಾಗೂ ದೋಷ ಕಂಡುಬಂದಾಗ ಉತ್ತರಿಸುವ ಹೊಣೆ. ಹೆಸರಿಲ್ಲದ ಯಂತ್ರಕ್ಕೆ ಈ ಹೊಣೆಯನ್ನು ಯಾರು ಹೊರುತ್ತಾರೆ ಎಂಬುದನ್ನು ಹಣ ಪಾವತಿಸುವ ಮುನ್ನವೇ ಖಚಿತಪಡಿಸಿಕೊಳ್ಳುವುದು ಅವಶ್ಯಕ.

ಪತ್ರ ಬೆರಳಚ್ಚು, ಅರ್ಜಿ ಭರ್ತಿ, ಆನ್‌ಲೈನ್ ಪಾಠ ಇವುಗಳಿಗೆ ಸಾಧಾರಣ ಯಂತ್ರವೇ ಸಾಕು. ಆದರೆ 4 ಜಿಬಿ ರ‍್ಯಾಮ್ ಮತ್ತು 64 ಜಿಬಿ ಸಂಗ್ರಹವು ವಿಂಡೋಸ್ 11ಕ್ಕೆ ನಿಗದಿಯಾದ ಕನಿಷ್ಠ ಪ್ರಮಾಣ ಮಾತ್ರ. ಅಗ್ಗದ ಮಾದರಿಗಳಲ್ಲಿ ಇವೆರಡನ್ನೂ ಮದರ್‌ಬೋರ್ಡಿಗೇ ಬೆಸೆದಿರುವುದುಂಟು. ಆಗ ಮುಂದೆ ಹೆಚ್ಚಿಸಿಕೊಳ್ಳಲು ಅವಕಾಶವಿರುವುದಿಲ್ಲ. ವಿಂಡೋಸ್ 10ರ ಸಾಮಾನ್ಯ ಬೆಂಬಲವು ದಿನಾಂಕ 14-10-2025ರಂದು ಕೊನೆಗೊಂಡಿರುವುದರಿಂದ, ಆ ಆವೃತ್ತಿಯನ್ನಷ್ಟೇ ನಡೆಸಬಲ್ಲ ಯಂತ್ರವು ಬೆಲೆ ಎಷ್ಟೇ ಕಡಿಮೆಯಿದ್ದರೂ ಲಾಭದಾಯಕವಲ್ಲ. ಪರವಾನಗಿ ಇಲ್ಲದ ವಿಂಡೋಸ್ ಹಾಕಿಸಿಕೊಳ್ಳುವುದಕ್ಕಿಂತ ಉಚಿತವಾಗಿ ದೊರೆಯುವ ಲಿನಕ್ಸ್ ಮೇಲು. ಅದರಲ್ಲಿ ಕನ್ನಡ ಕೀಲಿಮಣೆಯೂ ಲಭ್ಯವಿದೆ.

ಬ್ಯಾಟರಿಯ ವಿಷಯದಲ್ಲಿ ಗ್ರಾಹಕರು ಮೋಸಹೋಗುವ ಸಂಭವ ಹೆಚ್ಚು. ಜಾಹೀರಾತಿನಲ್ಲಿ ಕಾಣುವ 5000 ಎಂಎಎಚ್ ಎಂಬ ಅಂಕಿ ಒಂದರಿಂದಲೇ ಏನೂ ತಿಳಿಯದು. ಅದು 3.8 ವೋಲ್ಟಿನದಾದರೆ 19 ವ್ಯಾಟ್-ಅವರ್, 7.6 ವೋಲ್ಟಿನದಾದರೆ 38 ವ್ಯಾಟ್-ಅವರ್. ಅಂದರೆ ಎರಡು ಪಟ್ಟು ಶಕ್ತಿ. ಆದಕಾರಣ ವ್ಯಾಟ್-ಅವರ್ ಪ್ರಮಾಣವನ್ನೇ ಕೇಳಿ ಪಡೆಯಬೇಕು. ಅದೇ ಅಳತೆಯ ಬದಲಿ ಬ್ಯಾಟರಿ ಹಾಗೂ ಚಾರ್ಜರ್ ಎಲ್ಲಿ ದೊರೆಯುತ್ತದೆ ಎಂಬುದನ್ನೂ ವಿಚಾರಿಸುವುದು ಸೂಕ್ತ.

ಲ್ಯಾಪ್‌ಟಾಪ್‌ಗಳಿಗೆ ಭಾರತೀಯ ಮಾನಕ ಬ್ಯೂರೋದ ನೋಂದಣಿಯು ಕಡ್ಡಾಯವಾಗಿದ್ದು, ಬ್ರಾಂಡ್ ಇಲ್ಲವೆಂಬ ಕಾರಣಕ್ಕೆ ವಿನಾಯಿತಿ ಇರುವುದಿಲ್ಲ. ಯಂತ್ರದ ಮೇಲೂ ಚಾರ್ಜರಿನ ಮೇಲೂ ಬ್ಯೂರೋದ ಚಿಹ್ನೆ ಮತ್ತು 'ಆರ್' ಅಕ್ಷರದಿಂದ ಆರಂಭವಾಗುವ ನೋಂದಣಿ ಸಂಖ್ಯೆ ಇರತಕ್ಕದ್ದು. ಈ ಸಂಖ್ಯೆಯನ್ನು 'ಬಿಐಎಸ್ ಕೇರ್' ಆ್ಯಪ್‌ನಲ್ಲಿ ನಮೂದಿಸಿದರೆ ತಯಾರಕರ ವಿವರ ದೊರೆಯುತ್ತದೆ. ಚಿಹ್ನೆಯನ್ನು ಮುದ್ರಿಸುವುದು ಯಾರಿಗೂ ಕಷ್ಟವಲ್ಲವಾದ್ದರಿಂದ ಅಂಗಡಿಯಲ್ಲಿಯೇ ಸಂಖ್ಯೆಯನ್ನು ಪರಿಶೀಲಿಸುವುದು ಒಳಿತು. ಪೊಟ್ಟಣದ ಮೇಲೆ ತಯಾರಕರ ಅಥವಾ ಆಮದುದಾರರ ಹೆಸರು, ವಿಳಾಸ, ಗರಿಷ್ಠ ಮಾರಾಟ ಬೆಲೆ ಹಾಗೂ ಆಮದು ವಸ್ತುವಾದಲ್ಲಿ ತಯಾರಾದ ದೇಶದ ಹೆಸರು ಇವೆಯೇ ಎಂಬುದನ್ನೂ ನೋಡಬೇಕು.

ಬಿಲ್ ಬೇಡವೆಂದರೆ ತೆರಿಗೆಯ ಮೊತ್ತ ಉಳಿಯುತ್ತದೆ ಎಂದು ಕೆಲವು ವ್ಯಾಪಾರಿಗಳು ಹೇಳುವುದುಂಟು. ಹೀಗೆ ಉಳಿಯುವ ಹಣಕ್ಕಾಗಿ ಗ್ರಾಹಕರು ಖರೀದಿಯ ಪುರಾವೆಯನ್ನೇ ಬಿಟ್ಟುಕೊಟ್ಟಂತಾಗುತ್ತದೆ. ಗ್ರಾಹಕ ಸಂರಕ್ಷಣಾ ಅಧಿನಿಯಮ, 2019ರ ಪ್ರಕಾರ ಬಿಲ್ ನೀಡದಿರುವುದು ಅನುಚಿತ ವ್ಯಾಪಾರ ಪದ್ಧತಿ. ದೋಷಪೂರಿತ ವಸ್ತುವನ್ನು ಬಿಲ್ಲಿನಲ್ಲಿ ತಿಳಿಸಿದ ಅವಧಿಯೊಳಗೆ, ಅವಧಿ ತಿಳಿಸದಿದ್ದಲ್ಲಿ 30 ದಿನಗಳೊಳಗೆ, ಹಿಂಪಡೆದು ಹಣ ಮರಳಿಸಲು ನಿರಾಕರಿಸುವುದೂ ಅದೇ ವ್ಯಾಖ್ಯೆಯಡಿ ಬರುತ್ತದೆ. ತಯಾರಕರು ಯಾರೆಂದು ತಿಳಿಯದ ವಸ್ತುವಿನ ದೋಷದಿಂದ, ಉದಾಹರಣೆಗೆ ಚಾರ್ಜರ್ ಹೊತ್ತಿಕೊಂಡು, ಗಾಯವಾದರೆ ಅಥವಾ ಮನೆಯ ಇತರ ಸ್ವತ್ತಿಗೆ ಹಾನಿಯಾದರೆ ಮಾರಾಟಗಾರರೇ ಹೊಣೆಗಾರರಾಗಬಹುದು.

ಮಾರಾಟಗಾರರು ಸ್ಪಂದಿಸದಿದ್ದಲ್ಲಿ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ನ್ನು ಸಂಪರ್ಕಿಸಬಹುದು. ಗ್ರಾಹಕರು ತಾವು ವಾಸಿಸುವ ಜಿಲ್ಲೆಯ ಗ್ರಾಹಕ ಆಯೋಗದಲ್ಲಿಯೇ, ವ್ಯಾಜ್ಯ ಕಾರಣ ಉಂಟಾದ ಎರಡು ವರ್ಷಗಳೊಳಗೆ ದೂರು ದಾಖಲಿಸಲು ಅವಕಾಶವಿದೆ. ಪಾವತಿಸಿದ ಬೆಲೆ 5 ಲಕ್ಷ ರೂಪಾಯಿ ಮೀರದಿದ್ದರೆ ಶುಲ್ಕವಿಲ್ಲ. ದೂರಿನೊಂದಿಗೆ ಬಿಲ್, ವಾರಂಟಿ ಪತ್ರ ಹಾಗೂ ಲೇಬಲ್‌ನ ಛಾಯಾಚಿತ್ರವನ್ನು ಲಗತ್ತಿಸುವುದು.